ಗೊಬ್ಬರ ಬೇಡದ ನೆಲ

ಮಂಡ್ಯದಿಂದ ಬಂದಿದ್ದ ಅಮ್ಮನಿಗೆ ಇಂಗ್ಲೆಂಡಿನ ನ್ಯೂಕಾಸಲ್‌ನ ಅಂಗಡಿಗಳು ಮೂರೇ ದಿನಕ್ಕೆ ಬೇಜಾರಾದವು. ‘ಎಲ್ಲಾದ್ರೂ ಮಣ್ಣು ಇರೋ ಕಡೆ ಕರ್ಕೊಂಡ್ ಹೋಗು’ ಅಂದಳು. ಮೇ ಕೊನೆಯ ಭಾನುವಾರ ಕಾರು ಹತ್ತಿ ಸ್ಲ್ಯಾಗಿಫೋರ್ಡ್ ಹಳ್ಳಿಯ ಕಡೆ ಹೊರಟೆವು. ಅಲ್ಲಿ ಸೌತ್ ಟೈನ್ ಹೊಳೆಯ ದಂಡೆಯಲ್ಲಿ ವಿಲಿಯಮ್‌ಸ್ಟನ್ ಅನ್ನೋ ಸಂರಕ್ಷಿತ ತಾಣವಿದೆ.

ಜಾಗ ನೋಡಿ ಅಮ್ಮನ ಮುಖ ಸಪ್ಪಗಾಯಿತು. ದನ ಮೇಯ್ದು ಬಿಟ್ಟ ಗೋಮಾಳದ ಹಾಗೆ ಗಿಡ್ಡ ಹುಲ್ಲು, ನಡುನಡುವೆ ಕಲ್ಲು. ‘ಹೊಳೆ ಪಕ್ಕದಾಗೇ ಐತೆ, ಇಷ್ಟು ಬಡಕಲು ಭೂಮಿನಾ? ಎರಡು ಗಾಡಿ ಗೊಬ್ಬರ ಹೊಡೆದ್ರೆ ಹೆಂಗಾಗ್ತದೆ ಗೊತ್ತಾ?’

ಗೊತ್ತು. ಇಲ್ಲಿರುವ ಅಪರೂಪದ ಗಿಡಗಳೆಲ್ಲ ಹೋಗುತ್ತವೆ.

ಹೊಳೆಯ ಮೇಲ್ಗಡೆಯ ಆಲ್‌ಸ್ಟನ್, ನೆಂಟ್‌ಹೆಡ್ ಊರುಗಳ ಕಡೆ 18, 19ನೇ ಶತಮಾನದಲ್ಲಿ ಸೀಸದ ಗಣಿಗಳ ಭರಾಟೆ. ಆಮೇಲೆ ಸತುವನ್ನೂ ತೆಗೆದರು. ಅದಿರು ತೊಳೆದ ನೀರೆಲ್ಲ ಹೊಳೆಗೆ. ನೆರೆ ಬಂದಾಗ ಆ ಲೋಹಗಳ ವಿಷ ಮರಳು, ಕಲ್ಲಿನ ಜೊತೆ ಬಂದು ದಂಡೆಯಲ್ಲಿ ಕೂತಿತು. ದೊಡ್ಡ ಹುಲ್ಲು ಅದನ್ನು ತಡೆದುಕೊಳ್ಳಲಿಲ್ಲ. ತಡೆದುಕೊಂಡ ಪುಟಾಣಿ ಗಿಡಗಳಿಗೆ ಜಾಗ ಸಿಕ್ಕಿತು.

ನಕ್ಷತ್ರದಂಥ ಬಿಳಿ ಹೂವಿನ ಸ್ಪ್ರಿಂಗ್ ಸ್ಯಾಂಡ್‌ವರ್ಟ್ ತೋರಿಸಿದೆ. ಅಮ್ಮನಿಗೆ ಅದು ಹಿಡಿಸಲಿಲ್ಲ. ಪಕ್ಕದ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ‘ನಾಲ್ಕು ಎಸಳು. ಮೂಲಂಗಿ ಹೂ ಇದ್ದಂಗೈತಲ್ಲ ಮಗಾ!’ ನನಗೆ ಆಶ್ಚರ್ಯ. ಆಲ್ಪೈನ್ ಪೆನ್ನಿಕ್ರೆಸ್ ನಿಜವಾಗಿಯೂ ಮೂಲಂಗಿ, ಸಾಸಿವೆಯ ಕುಟುಂಬದ್ದೇ. ಅಷ್ಟರಲ್ಲಿ ರುಚಿ ನೋಡಲು ಎಲೆಗೆ ಕೈ ಹಾಕಿದಳು. ಕೈ ಹಿಡಿದು ನಿಲ್ಲಿಸಿದೆ. ಇದು ಸತುವನ್ನು ಹೀರಿ ಎಲೆಯಲ್ಲಿ ಕೂಡಿಡುವ ಗಿಡ. ಒಣಗಿದ ಎಲೆಯ ತೂಕದಲ್ಲಿ 1%ಗಿಂತ ಜಾಸ್ತಿ ಸತುವೇ ಇರಬಹುದು.

‘ಸತು ಅಂದ್ರೆ?’

‘ಜಿಂಕ್ ಅಮ್ಮ. ಗದ್ದೆಗೆ ಹಾಕ್ತೀವಲ್ಲ, ಅದೇ.’

‘ನಾವು ದುಡ್ಡು ಕೊಟ್ಟು ತರ್ತೀವಿ, ಇವ್ರಿಗೆ ಹೊಳೇನೇ ತಂದು ಸುರೀತಾ!’

ಗಣಿಗಳು ಮುಚ್ಚಿದ ಮೇಲೆ ಹೊಸ ವಿಷ ಅಷ್ಟಾಗಿ ಬರುತ್ತಿಲ್ಲ. ಹಳೆಯದನ್ನು ಮಳೆ ತೊಳೆಯುತ್ತದೆ. ತರಗೆಲೆ ಕೊಳೆತು ಮಣ್ಣು ಕೊಬ್ಬುತ್ತದೆ, ಪೊದೆ ಏಳುತ್ತದೆ. ಅದಕ್ಕೇ ಇಂಥ ಕಡೆ ಪೊದೆ ಕಡಿಯುತ್ತಾರೆ. ಕೆಲವೆಡೆ ಮೇಲ್ಮಣ್ಣನ್ನೇ ಕೆರೆದು ತೆಗೆಯುತ್ತಾರೆ. ಇದನ್ನು ಹೇಳಿದ್ದೇ ತಪ್ಪಾಯಿತು. ‘ಒಳ್ಳೆ ಮಣ್ಣು ಕೆರೆದು ಎಸೀತಾರಾ?’ ಅಂತ ಕಾರಿನವರೆಗೂ ಕೇಳುತ್ತಲೇ ಬಂದಳು.

ಮನೆ ತಲುಪಿ ತಮ್ಮನಿಗೆ ಫೋನ್ ಹಚ್ಚಿದಳು. ಹೂವಿನ ಸುದ್ದಿಯೇ ಇಲ್ಲ. ‘ನಾಟಿಗೆ ಮುಂಚೆ ಜಿಂಕ್ ತಂದು ಇಟ್ಕೊಳ್ಳಪ್ಪ. ಮರೀಬ್ಯಾಡ.’