ವಾರಂಟ್ ರೀಕಾಲ್ ಆದರೆ ಸಾಲದು, ಠಾಣೆಗೂ ಗೊತ್ತಾಗಬೇಕು

ಕೋರ್ಟ್ ಹಾಲಿನಲ್ಲಿ ಸಾಹೇಬರು ‘ವಾರಂಟ್ ರೀಕಾಲ್ಡ್’ (ಬಂಧನದ ವಾರಂಟ್ ರದ್ದು) ಅಂದ ಕೂಡಲೇ ಕಕ್ಷಿದಾರ ಕೈಮುಗಿದು, ದಂಡ ಕಟ್ಟಿ, ಬಸ್ ಹಿಡಿಯುತ್ತಾನೆ. ವಕೀಲರು ಮುಂದಿನ ಕೇಸಿಗೆ ಎದ್ದು ನಿಲ್ಲುತ್ತಾರೆ. ಆರ್ಡರ್ ಶೀಟಿನಲ್ಲಿ ಆದೇಶ ಬರೆದಾಗಿದೆ, ಸರಿ. ವಾರಂಟಿನ ಕಾಗದ ಮಾತ್ರ ಠಾಣೆಯಲ್ಲಿ ವಾರಂಟ್ ಪಿಸಿಯ (ವಾರಂಟ್ ಜಾರಿ ಮಾಡುವ ಕಾನ್‌ಸ್ಟೇಬಲ್) ಫೈಲಿನಲ್ಲಿದೆ, ಅವರಿಗೆ ಯಾರೂ ಏನೂ ಹೇಳಿಲ್ಲ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿನಲ್ಲಿ ನಮ್ಮ ಕಚೇರಿಯ ಕಕ್ಷಿದಾರರೊಬ್ಬರಿಗೆ ಆಗಿದ್ದು ಇದೇ. ಎಸ್ಟೇಟ್ ರೈಟರ್, ಚೆಕ್ ಬೌನ್ಸ್ ಕೇಸು. ವಾರದ ಮಧ್ಯದಲ್ಲೇ ರೀಕಾಲ್ ಆಗಿತ್ತು. ಕೋರ್ಟ್ ಪಿಸಿ ಬಂದೋಬಸ್ತಿಗೆ ಹೋಗಿದ್ದರಿಂದ ಇಂಟಿಮೇಷನ್ (ರೀಕಾಲ್ ಆಗಿದೆಯೆಂದು ಠಾಣೆಗೆ ಹೋಗುವ ಪತ್ರ) ಸಹಿಯಾಗಿಯೂ ಬೆಂಚ್ ಕ್ಲರ್ಕ್ ಮೇಜಿನ ಮೇಲೆ ಉಳಿದಿತ್ತು. ಶುಕ್ರವಾರ ಸಂಜೆ ಕಾಫಿ ಕಣದಿಂದಲೇ ಅವರನ್ನು ಕರೆದೊಯ್ದರು. ಮಾರನೇ ದಿನ ಎರಡನೇ ಶನಿವಾರ. ಠಾಣೆಯಲ್ಲಿ ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಆ್ಯಪ್ ತೆರೆದು ರೀಕಾಲ್ ಆದ ದಿನದ ಬಿಸಿನೆಸ್ (ಅವತ್ತು ಕೇಸಿನಲ್ಲಿ ನಡೆದದ್ದರ ಟಿಪ್ಪಣಿ) ತೋರಿಸಿದ್ದಾಯಿತು. ಹೆಡ್ ಕಾನ್‌ಸ್ಟೇಬಲ್ ಅದನ್ನು ಪೂರ್ತಿ ಓದಿದರು, ಆಮೇಲೆ ತಮ್ಮ ಮುಂದಿದ್ದ ವಾರಂಟನ್ನು ನಮ್ಮ ಕಡೆ ತಿರುಗಿಸಿಟ್ಟರು. ನೀಲಿ ಶಾಯಿಯಲ್ಲಿ ಹೆಸರು, ತಂದೆಯ ಹೆಸರು, ಲೈನ್ ಮನೆ (ಎಸ್ಟೇಟ್ ಕೆಲಸಗಾರರ ಸಾಲುಮನೆ) ವಿಳಾಸ. ರಿಟರ್ನ್ ತಾರೀಕನ್ನು ಒಮ್ಮೆ ಹೊಡೆದು ಪಕ್ಕದಲ್ಲಿ ಹೊಸದು ಬರೆದು ಚಿಕ್ಕ ಸಹಿ. ಕೆಳಗೆ ದುಂಡು ಸೀಲು. “ಇದಕ್ಕೆ ಜಡ್ಜ್ ಸಾಹೇಬ್ರ ಸಹಿ ಇದೆ ಸಾರ್. ನಿಮ್ಮ ಮೊಬೈಲಿಗೆ ಎಲ್ಲಿದೆ?” ಉತ್ತರ ಕೊಡಲು ನಮ್ಮ ಹತ್ತಿರ ಕಾಗದ ಇರಲಿಲ್ಲ. ಕೋರ್ಟ್ ಮುಚ್ಚುವ ಹೊತ್ತು. ಬೆಂಚ್ ಕ್ಲರ್ಕ್ ಬಸ್ ಸ್ಟ್ಯಾಂಡಿನಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೆ ಆ ರಾತ್ರಿಯೇ ಪ್ರಭಾರ ಮ್ಯಾಜಿಸ್ಟ್ರೇಟರ ಮನೆ. ಅವರ ಮುಂದೆ ಫೈಲಿಲ್ಲ, ಫೈಲಿಲ್ಲದೆ ರೀಕಾಲ್ ಆಗಿದೆಯೆಂದು ಅವರು ಹೇಗೆ ನಂಬಬೇಕು? ಸೋಮವಾರದವರೆಗೆ ಜೈಲು ಗ್ಯಾರಂಟಿ. ಕೊನೆಗೆ ಫೋನ್ ಎತ್ತಿದ ಆ ಪುಣ್ಯಾತ್ಮ ವಾಪಸ್ ಬಂದು ಬೀಗ ತೆಗೆದು ಕಾಗದ ಕೊಟ್ಟರು.

ಕಾನೂನು ಸ್ಪಷ್ಟವಾಗಿಯೇ ಇದೆ. ಹೊರಡಿಸಿದ ಕೋರ್ಟ್ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ವಾರಂಟಿಗೆ ಜೀವ ಇರುತ್ತದೆ: ಹಳೇ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 70(2), ಅದರ ಬದಲಿಗೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 72(2). ಹತ್ತು ವರ್ಷ ಹಳೆಯದಾದರೂ ತಾನಾಗಿ ಸಾಯುವುದಿಲ್ಲ. ರದ್ದಾದ ವಾರಂಟಿನ ಮೇಲೆ ಮುಂಬೈನ ವಕೀಲರೊಬ್ಬರನ್ನು ಸ್ವಾತಂತ್ರ್ಯ ದಿನದಂದೇ ಹಿಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2011ರ ರಘುವಂಶ್ ದೇವಾನ್‌ಚಂದ್ ಭಾಸಿನ್ ತೀರ್ಪು ಬಂತು. ವಾರಂಟಿಗೆ ಕ್ರಮಸಂಖ್ಯೆ, ಕೋರ್ಟಿನಲ್ಲೂ ಠಾಣೆಯಲ್ಲೂ ರಿಜಿಸ್ಟರ್, ಜಾರಿಗೆ ಕಡೇ ದಿನಾಂಕ ಎಂದೆಲ್ಲ ಅದರಲ್ಲಿ ಹೇಳಿದೆ. ಇನ್ಸ್‌ಪೆಕ್ಟರ್ ಕೈಯಿಂದ ಕೊಡಿಸಿದ ಪರಿಹಾರ 2,000 ರೂಪಾಯಿ. ಆ ಮೊತ್ತ ನೋಡಿಕೊಂಡು, ಕಾಗದ ತಲುಪಿಸುವ ಕೆಲಸವನ್ನು ಬೇರೆಯವರ ಮೇಲೆ ಬಿಡಬೇಕೋ ಬೇಡವೋ ನೀವೇ ತೀರ್ಮಾನಿಸಿ.

ವಾರಂಟ್ ಇದೆಯೋ ಇಲ್ಲವೋ ನೋಡುವುದು ಹೇಗೆ ಎಂಬುದಕ್ಕೆ ಬರೋಣ. ಠಾಣೆಗೆ ಹೋಗಿ ‘ನನ್ನ ಮೇಲೆ ವಾರಂಟ್ ಇದೆಯಾ ಸಾರ್’ ಅಂತ ಕೇಳಬೇಡಿ. ಇದ್ದರೆ ಅಲ್ಲೇ ಕೂರಿಸುತ್ತಾರೆ, ಕೂರಿಸುವುದು ಅವರ ಕೆಲಸ. ಮೊದಲು ಇ-ಕೋರ್ಟ್ಸ್. ರಾಜ್ಯ ಕರ್ನಾಟಕ, ಜಿಲ್ಲೆ ಕೊಡಗು, ಆಮೇಲೆ ಕೋರ್ಟ್ ಸಂಕೀರ್ಣ: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ. ಯಾವ ಠಾಣೆ ಯಾವ ಕೋರ್ಟಿಗೆ ಸೇರುತ್ತದೆಂದು ತಾಲ್ಲೂಕು ನೋಡಿ ಊಹಿಸಬೇಡಿ. ಕುಶಾಲನಗರ, ಪೊನ್ನಂಪೇಟೆ ಬೇರೆ ತಾಲ್ಲೂಕುಗಳಾದ ಮೇಲೆ ಈ ಗೊಂದಲ ಇನ್ನೂ ಹೆಚ್ಚಾಗಿದೆ. ಎಫ್‌ಐಆರ್ ಪ್ರತಿಯ ತಲೆಯಲ್ಲೇ ಕೋರ್ಟಿನ ಹೆಸರಿರುತ್ತದೆ.

ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ನಂಬರ್) ಇದ್ದರೆ ಹದಿನಾರು ಅಕ್ಷರ ಒತ್ತಿದರೆ ಮುಗಿಯಿತು. ಇಲ್ಲದವರು ಎಫ್‌ಐಆರ್ ನಂಬರ್, ಠಾಣೆ, ವರ್ಷ ಹಾಕಿ ಹುಡುಕಬಹುದು. ಖಾಸಗಿ ದೂರಿನಲ್ಲಿ, ಅಂದರೆ ಚೆಕ್ ಕೇಸುಗಳಲ್ಲಿ, ಎಫ್‌ಐಆರ್ ಇರುವುದೇ ಇಲ್ಲ. ಆಗ ಉಳಿಯುವುದು ಹೆಸರು, ಮತ್ತು ಕೊಡಗಿನಲ್ಲಿ ಹೆಸರಿನಿಂದ ಹುಡುಕುವುದೆಂದರೆ ದೊಡ್ಡ ತಲೆನೋವು. ಒಂದೇ ಪೊನ್ನಪ್ಪ ಇಂಗ್ಲಿಷಿನಲ್ಲಿ ನಾಲ್ಕು ರೀತಿ ಟೈಪ್ ಆಗಿರುತ್ತಾನೆ. ಮನೆತನದ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಊರಿನವರು ಕರೆಯುವ ಹೆಸರು ‘ಅಲಿಯಾಸ್’ ಆಗಿ ನಡುವೆ. ಪೂರ್ತಿ ಹೆಸರು ಹಾಕಿದರೆ ‘ರೆಕಾರ್ಡ್ ಇಲ್ಲ’ ಎಂದು ಬರುತ್ತದೆ, ಜನ ಖುಷಿಯಾಗಿ ಮನೆಗೆ ಹೋಗುತ್ತಾರೆ. ಆರಂಭದ ಮೂರೇ ಅಕ್ಷರ ಹಾಕಿ, ಬಂದ ಪಟ್ಟಿಯನ್ನು ಕಣ್ಣಿನಿಂದ ನೋಡಿ. ಅಲ್ಲಿ ಕೇಳುವ ವರ್ಷ ಕೇಸ್ ನೋಂದಣಿಯಾದದ್ದು, ಘಟನೆ ನಡೆದದ್ದಲ್ಲ. 2019ರಲ್ಲಿ ಆದ ಅಪಘಾತಕ್ಕೆ ಚಾರ್ಜ್‌ಶೀಟ್ ತಡವಾಗಿದ್ದರೆ ಸಿಸಿ ನಂಬರ್ (ಕೋರ್ಟ್ ಕೊಡುವ ಕೇಸ್ ನಂಬರ್) 2021ರದ್ದಾಗಿರಬಹುದು. ಹಿಂದೆ ಮುಂದೆ ಎರಡೆರಡು ವರ್ಷ ತಡಕಿ.

ಬಹಳ ಜನ ಬೀಳುವ ಗುಂಡಿ ಇನ್ನೊಂದಿದೆ. ಜೂಜಿನ ಕೇಸು, ಹೊಡೆದಾಟದ ಕೇಸು, ಹಲವು ಆರೋಪಿಗಳು. ಒಬ್ಬ ಬರಲಿಲ್ಲ. ಕೋರ್ಟ್ ಅವನ ಕೇಸನ್ನು ಸ್ಪ್ಲಿಟ್ ಮಾಡಿ ಬೇರೆ ನಂಬರ್ ಕೊಡುತ್ತದೆ, ಉಳಿದವರ ವಿಚಾರಣೆ ನಡೆದು ಖುಲಾಸೆ. ಹಳೇ ನಂಬರ್ ಹಾಕಿ ನೋಡಿದರೆ ‘ಡಿಸ್ಪೋಸ್ಡ್’. ‘ಎಲ್ಲರದ್ದೂ ಬಿಟ್ಟಿದೆ, ನಂದೂ ಬಿಟ್ಟಿದೆ’ ಎಂದು ಆತ ಗಲ್ಫಿಗೆ ಹೊರಡುತ್ತಾನೆ. ಅವನ ಹೆಸರಿನ ಸ್ಪ್ಲಿಟ್ ಕೇಸು ಎಲ್‌ಪಿಆರ್‌ನಲ್ಲಿ (ಆರೋಪಿ ಸಿಗದೆ ಬಹಳ ಕಾಲ ಬಾಕಿ ಉಳಿದ ಕೇಸುಗಳ ರಿಜಿಸ್ಟರ್) ಕೂತು ವಾರಂಟ್ ಓಡುತ್ತಲೇ ಇರುತ್ತದೆ. ಪಾಸ್‌ಪೋರ್ಟ್ ನವೀಕರಣಕ್ಕೆ ಪೊಲೀಸ್ ವೆರಿಫಿಕೇಷನ್ ಬಂದಾಗ ಹೊರಬೀಳುತ್ತದೆ. ಬಂಧನ ವಾರಂಟ್ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದೆಂದು ಕಾಯ್ದೆಯ 6(2)ಜಿ ಹೇಳುತ್ತದೆ. ಹುಡುಕುವಾಗ ‘ಪೆಂಡಿಂಗ್’ ಮಾತ್ರ ಅಲ್ಲ, ‘ಬೋತ್’ ಒತ್ತಿ. ಡಿಸ್ಪೋಸ್ ಆಗಿದ್ದರೆ ಕೊನೆಯ ಆದೇಶ ತೆರೆದು ‘ಸ್ಪ್ಲಿಟ್ ಅಪ್’ ಎಂಬ ಪದ ಇದೆಯಾ ನೋಡಿ.

ಆ್ಯಪಿನಲ್ಲಿ ಹಂತ ‘ಎನ್‌ಬಿಡಬ್ಲ್ಯೂ’ (ಜಾಮೀನುರಹಿತ ವಾರಂಟ್) ಎಂದಿದ್ದರೂ ವಾರಂಟ್ ಠಾಣೆಗೆ ಹೋಗಿರಲೇಬೇಕೆಂದಿಲ್ಲ. ಚೆಕ್ ಕೇಸಿನಲ್ಲಿ ದೂರುದಾರ ಪ್ರೊಸೆಸ್ ಫೀ (ಪಿಎಫ್) ಕಟ್ಟದಿದ್ದರೆ ಕಾಗದ ಹೊರಡುವುದೇ ಇಲ್ಲ, ‘ಪಿಎಫ್ ಕಟ್ಟಿದರೆ ವಾರಂಟ್’ ಎಂದು ಆರ್ಡರ್ ಶೀಟಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಇದಕ್ಕೇ ವಕೀಲರ ಮೂಲಕ ಆರ್ಡರ್ ಶೀಟ್ ಪರಿಶೀಲಿಸಬೇಕು. ನೋಡಬೇಕಾದದ್ದು ಮೂರು ಸಂಗತಿ: ಬಿಡಬ್ಲ್ಯೂನೋ (ಜಾಮೀನು ಸಿಗುವ ವಾರಂಟ್) ಎನ್‌ಬಿಡಬ್ಲ್ಯೂನೋ; ಹೊರಟಿದೆಯೋ ಇಲ್ಲವೋ; ಜಾಮೀನುದಾರನಿಗೂ ನೋಟಿಸ್ ಹೋಗಿದೆಯೋ.

ಬಿಡಬ್ಲ್ಯೂ ಆದರೆ ತಲೆಕೆಡಿಸಿಕೊಳ್ಳುವಂಥದ್ದಿಲ್ಲ. ವಾರಂಟಿನ ಮೇಲೆಯೇ ಬಾಂಡ್ ಮೊತ್ತ, ಎಷ್ಟು ಜಾಮೀನುದಾರರು, ಯಾವ ದಿನ ಹಾಜರಾಗಬೇಕು ಎಂದು ಬರೆದಿರುತ್ತದೆ; ಠಾಣೆಯಲ್ಲೇ ಬಾಂಡ್ ಕೊಟ್ಟು ಬರಬಹುದು. ಎನ್‌ಬಿಡಬ್ಲ್ಯೂನಲ್ಲಿ ಬಿಡುವ ಅಧಿಕಾರ ಪೊಲೀಸರಿಗಿಲ್ಲ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಲೇಬೇಕು. ‘ಸಾಹೇಬ್ರಿಗೆ ಹೇಳಿ ಬಿಡಿಸ್ತೀನಿ’ ಎನ್ನುವ ಮಧ್ಯವರ್ತಿಗೆ ಕೊಟ್ಟ ದುಡ್ಡು ನೀರಿಗೆ ಹೋಯಿತೆಂದೇ ತಿಳಿಯಿರಿ. ವಾಟ್ಸಾಪಿನಲ್ಲಿ ವಾರಂಟ್ ಕಳಿಸಿ ಯುಪಿಐ ಕೇಳುವವರದ್ದು ಅಪ್ಪಟ ಮೋಸ. ಡಿಜಿಟಲ್ ಅರೆಸ್ಟ್ ಎನ್ನುವುದು ಯಾವ ಕಾನೂನಿನಲ್ಲೂ ಇಲ್ಲ.

ರೀಕಾಲಿಗೆ ಹೋಗುವುದಾದರೆ ಮುಂದಿನ ಹಿಯರಿಂಗ್ ತಾರೀಕಿಗೆ ಕಾಯಬೇಡಿ. ಕೇಸ್ ಅಡ್ವಾನ್ಸ್ ಮಾಡಿಸುವ (ತಾರೀಕಿಗೆ ಮೊದಲೇ ತೆಗೆದುಕೊಳ್ಳಿ ಎನ್ನುವ) ಅರ್ಜಿ, ರೀಕಾಲ್ ಅರ್ಜಿ, ಹಳೇ ವಕೀಲರು ಇಲ್ಲದಿದ್ದರೆ ಹೊಸ ವಕಾಲತ್ತು: ಮೂರನ್ನೂ ಬೆಳಿಗ್ಗೆ ಕೋರ್ಟ್ ಕೂರುವ ಮೊದಲೇ ಬೆಂಚ್ ಕ್ಲರ್ಕ್‌ಗೆ ಕೊಡಬೇಕು, ಫೈಲ್ ಮೇಲೆ ಬರಬೇಕಲ್ಲ. ಎಲ್‌ಪಿಆರ್ ಕೇಸಾದರೆ ಫೈಲ್ ರೆಕಾರ್ಡ್ ರೂಮಿನಲ್ಲಿರುತ್ತದೆ, ಹಿಂದಿನ ದಿನವೇ ಹೇಳಿಡಿ. 2024ರ ಜುಲೈ 1ಕ್ಕೆ ಮೊದಲಿನ ಕೇಸುಗಳಿಗೆ ಹಳೇ ಸಂಹಿತೆಯೇ ನಡೆಯುತ್ತದೆ. ಅರ್ಜಿಯಲ್ಲಿ ಹಳೇದು, ಹೊಸದು ಎರಡೂ ಕಲಂ ಒಟ್ಟಿಗೆ ಬರೆದುಬಿಟ್ಟರೆ ಕಚೇರಿ ಆಕ್ಷೇಪಣೆ ಎತ್ತುವುದಿಲ್ಲ. ಆರೋಪಿ ಖುದ್ದು ಬರಬೇಕು. ಅವನಿಲ್ಲದೆ ರೀಕಾಲ್ ಕೇಳಿದರೆ ಬಹುತೇಕ ಕಡೆ ಅರ್ಜಿ ವಜಾ, ಮೇಲಿಂದ ವಾರಂಟ್ ಮರುಜಾರಿ. ಹೋಗುವ ದಿನ ಸೋಮವಾರದಿಂದ ಗುರುವಾರದೊಳಗಿರಲಿ. ಶುಕ್ರವಾರ ಮಧ್ಯಾಹ್ನ ಶರಣಾಗಿ ಬಾಂಡ್ ಕೆಲಸ ಮುಗಿಯದಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಕಾರಣಕ್ಕೆ ದಾಖಲೆ ಬೇಕು. ‘ಹುಷಾರಿರಲಿಲ್ಲ’ ಎಂದು ಬಾಯಲ್ಲಿ ಹೇಳಿದ್ದನ್ನು ಸಾಹೇಬರು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿ, ಬಸ್ ಅಥವಾ ವಿಮಾನದ ಟಿಕೆಟು, ಎಸ್ಟೇಟ್ ಬದಲಾಗಿ ಸಮನ್ಸ್ ಹಳೇ ಲೈನ್ ಮನೆಗೆ ಹೋಗಿದ್ದರೆ ಹೊಸ ಎಸ್ಟೇಟಿನ ಪತ್ರ. ಮಳೆಗಾಲದಲ್ಲಿ ರಸ್ತೆ ಬಂದ್ ಎನ್ನುವುದು ಇಲ್ಲಿ ನಿಜವಾದ ಕಾರಣವೇ, ಆದರೆ ಆ ದಿನವೇ ವಕೀಲರಿಗೆ ಫೋನ್ ಮಾಡಿ ಇಪಿ (ಆ ದಿನದ ಹಾಜರಿಗೆ ವಿನಾಯಿತಿ ಕೇಳುವ ಅರ್ಜಿ) ಹಾಕಿಸಿದ್ದರೆ ವಾರಂಟ್ ಆಗುತ್ತಲೇ ಇರಲಿಲ್ಲ. ಮೊದಲು ಸಮನ್ಸ್, ಆಮೇಲೆ ಬಿಡಬ್ಲ್ಯೂ, ಕೊನೆಗೆ ಎನ್‌ಬಿಡಬ್ಲ್ಯೂ ಎಂದು ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಸಮನ್ಸೇ ಜಾರಿಯಾಗದೆ ನೇರ ಎನ್‌ಬಿಡಬ್ಲ್ಯೂ ಆಗಿದ್ದರೆ ಅರ್ಜಿಯ ಮೊದಲ ಪ್ಯಾರಾದಲ್ಲೇ ಅದನ್ನು ಬರೆಯಿರಿ.

ದಂಡ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಸಾಹೇಬರ ವಿವೇಚನೆ, ಕೆಲವು ನೂರರಿಂದ ಕೆಲವು ಸಾವಿರದವರೆಗೆ ಜೇಬಿನಲ್ಲಿ ನಗದು ಇರಲಿ, ಅವತ್ತೇ ಕಟ್ಟಬೇಕು. ಕಷ್ಟ ಬರುವುದು ಜಾಮೀನುದಾರನ ವಿಷಯದಲ್ಲಿ. ಆರೋಪಿ ತಪ್ಪಿಸಿಕೊಂಡಾಗ ಹಳೇ ಬಾಂಡ್ ಮುಟ್ಟುಗೋಲಾಗಿರುತ್ತದೆ, ಜಾಮೀನು ಕೊಟ್ಟ ಪಾಪದವನಿಗೆ ನೋಟಿಸ್ ಹೋಗಿರುತ್ತದೆ, ಅವನು ಮತ್ತೆ ಬರುವ ಮಾತೇ ಇಲ್ಲ. ಹೊಸಬನನ್ನು ಕರೆತರಬೇಕು: ಆಧಾರ್, ಫೋಟೋ, ಪಹಣಿ, ಕಂದಾಯ ರಸೀದಿ. ಜಮ್ಮಾ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ) ಜಾಗದ ಪಹಣಿ ತಂದರೆ ಅದರಲ್ಲಿ ಪಟ್ಟೇದಾರನ ಜೊತೆ ಒಕ್ಕದ (ಮನೆತನದ) ಎಷ್ಟೋ ಜನರ ಹೆಸರಿರುತ್ತದೆ, ‘ಇವರ ಪಾಲು ಯಾವುದು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂಟಿ ಹೆಸರಿನ ಪಹಣಿ ಇರುವವರನ್ನೇ ಹುಡುಕಿ. ಮೂಲ ಅಪರಾಧ ಜಾಮೀನು ಸಿಗುವಂಥದ್ದೇ ಆದರೂ, ಒಮ್ಮೆ ಬಾಂಡ್ ಮುರಿದವನಿಗೆ ಜಾಮೀನು ನಿರಾಕರಿಸುವ ಅಧಿಕಾರ ಬಿಎನ್‌ಎಸ್‌ಎಸ್‌ನ 478(2)ರಲ್ಲಿ ಕೋರ್ಟಿಗಿದೆ. ಹಾಗಾಗಿ ಒರಟು ಮಾತು ಬೇಡ.

ವಕೀಲರಿಗೆ ಕೊಡಲು ಹಣವಿಲ್ಲದವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಹೋಗಲಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಕೇಳುವಂತಿಲ್ಲ. ಹಾಡಿಯ (ಬುಡಕಟ್ಟು ಜನರ ಕೇರಿ) ಯರವ, ಕುರುಬ ಕಾರ್ಮಿಕರು ಸಣ್ಣ ಕೇಸಿನ ವಾರಂಟಿಗೆ ಹೆದರಿ ತೋಟ ಬದಲಿಸುತ್ತಾ ತಿರುಗುವುದನ್ನು ನೋಡಿದರೆ ಇದನ್ನು ಪ್ರತಿ ಲೈನ್ ಮನೆಯ ಗೋಡೆಗೆ ಅಂಟಿಸಬೇಕು ಅನ್ನಿಸುತ್ತದೆ.

ರೀಕಾಲ್ ಆದ ದಿನ ಮಾಡಬೇಕಾದದ್ದು: ದಂಡದ ರಸೀದಿ ಇಸ್ಕೊಳ್ಳಿ. ಠಾಣೆಗೆ ಹೋಗುವ ಇಂಟಿಮೇಷನ್ ಅವತ್ತೇ ಟೈಪ್ ಆಗಿ ಸಹಿ, ಸೀಲು ಬೀಳುವವರೆಗೆ ಬೆಂಚ್ ಕ್ಲರ್ಕ್ ಬಿಟ್ಟು ಕದಲಬೇಡಿ. ಡೆಸ್ಪ್ಯಾಚ್ ನಂಬರ್ ಬರೆದುಕೊಳ್ಳಿ. ಕೋರ್ಟ್ ಪಿಸಿ ಇಲ್ಲದಿದ್ದರೆ ಕೈಯಲ್ಲೇ ಕೊಡುವಂತೆ ಮೆಮೋ ಹಾಕಿ. ಠಾಣೆಯಲ್ಲಿ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸಹಿ, ತಾರೀಕು ಹಾಕಿಸಿ, ವಾರಂಟ್ ರಿಜಿಸ್ಟರಿನಲ್ಲಿರುವ ನಮೂದನ್ನು ಎದುರಿಗೇ ಹೊಡೆದುಹಾಕಿಸಿ. ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅವತ್ತೇ ಕಾಪಿ ಅಪ್ಲಿಕೇಷನ್ ಕೊಡಿ. ಜಾರಿಯಾಗದ ವಾರಂಟ್ ಕೋರ್ಟಿಗೆ ವಾಪಸ್ ಬಂದು ಫೈಲಿಗೆ ಸೇರುವವರೆಗೆ ಆ ನಕಲಿನ ಜೆರಾಕ್ಸ್ ಜೊತೆಯಲ್ಲೇ ಇರಲಿ. ವಾರಂಟನ್ನು ಬೇರೆ ಠಾಣೆಗೆ ವರ್ಗಾಯಿಸಿದ್ದರೆ, ಸಿದ್ದಾಪುರದವನು ಈಗ ಕುಟ್ಟದಲ್ಲಿದ್ದಾನೆಂದು ಅಲ್ಲಿಗೆ ಕಳಿಸಿದ್ದರೆ, ಎರಡೂ ಕಡೆ ಒಂದೊಂದು ಪ್ರತಿ.

ಜೀವನಾಂಶದ ವಾರಂಟಿಗೆ ಈ ದಾರಿ ನಡೆಯುವುದಿಲ್ಲ. ಬಾಕಿ ಕಟ್ಟಬೇಕು, ಇಲ್ಲವೆ ಕಂತು ಕೇಳಬೇಕು. ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿದೆ.

ಕೇರಳದ ವಾರಂಟಿಗೆ ಇಲ್ಲಿನ ಕೋರ್ಟಿನಲ್ಲಿ ರೀಕಾಲ್ ಅರ್ಜಿ ಹಾಕಿ ಪ್ರಯೋಜನವಿಲ್ಲ. ತೋಲ್ಪೆಟ್ಟಿ ದಾರಿಯಲ್ಲಿ ಜೀಪು ತಾಗಿಸಿದ ಕೇಸು ಮಾನಂತವಾಡಿಯಲ್ಲಿದ್ದರೆ, ಇ-ಕೋರ್ಟ್ಸ್‌ನಲ್ಲಿ ರಾಜ್ಯ ಬದಲಿಸಿ ವಯನಾಡ್ ಆರಿಸಿ ನೋಡಿ, ಅಲ್ಲಿಯ ವಕೀಲರನ್ನೇ ಹಿಡಿಯಿರಿ. ಇಲ್ಲಿ ಹಿಡಿದರೆ ಸಾಮಾನ್ಯವಾಗಿ ಮೊದಲು ಇಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ. ವಾರಂಟ್ ಹೊರಡಿಸಿದ ಕೋರ್ಟ್ 30 ಕಿಲೋಮೀಟರ್ ಒಳಗಿದ್ದರೆ ಅಥವಾ ಅದೇ ಹತ್ತಿರವಾದರೆ ನೇರ ಅಲ್ಲಿಗೇ ಒಯ್ಯುತ್ತಾರೆ. ಕೇರಳ ಗಡಿಯ ಕುಟ್ಟದವರು ಇದನ್ನು ಲೆಕ್ಕ ಹಾಕಿಕೊಂಡು, ಜಾಮೀನುದಾರನನ್ನು ಆ ಕಡೆಯೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.