ರೇಷ್ಮೆ ಹುಳದ ಸಿಟ್ರೇಟ್: ಅಂತೂ ಬಾಲ ಹೋಯ್ತು

ರೇಷ್ಮೆ ಹುಳದ ರಕ್ತದಲ್ಲಿರೋ ಸಿಟ್ರೇಟನ್ನ ಎಲ್‌ಸಿ-ಎಂಎಸ್‌ನಲ್ಲಿ (ವಸ್ತುಗಳನ್ನ ಕಾಲಮ್‌ನಲ್ಲಿ ಬೇರ್ಪಡಿಸಿ ತೂಕ ನೋಡೋ ಯಂತ್ರ) ಅಳೀತಿದ್ದೆ, ಅಂತೂ ಇಂತೂ ಅದರ ಪೀಕ್ ನೆಟ್ಟಗೆ ನಿಂತಿದೆ! ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಹುಳದ ಹೀಮೋಲಿಂಫ್ (ಅದರ ರಕ್ತ) ತೆಗೆಯೋದು, ತಣ್ಣನೆ ಮೆಥನಾಲ್ ಹಾಕಿ ಪ್ರೋಟೀನ್ ಇಳಿಸೋದು ಎಲ್ಲಾ ನಿಮಗೆ ಗೊತ್ತಿರೋದೇ. ಟ್ಯೂಬಿಗೆ ಮೊದಲೇ ಫಿನೈಲ್‌ಥಯೋಯೂರಿಯಾ ಹಾಕೋದು ಮಾತ್ರ ಮರೀಬೇಡಿ, ಇಲ್ಲಾಂದ್ರೆ ಕಾಲಿಂದ ತೊಟ್ಟಿಕ್ಕಿದ ತಿಳಿ ಹಳದಿ ಹನಿ ನೋಡ್ತಾ ನೋಡ್ತಾನೇ ಕಪ್ಪಾಗುತ್ತೆ.

ಕಾಟ ಕೊಟ್ಟಿದ್ದು 191.0197, ಅಂದ್ರೆ ನೆಗೆಟಿವ್ ಮೋಡಲ್ಲಿ ಸಿಟ್ರೇಟ್ ಅಯಾನಿನ ತೂಕ. ಹಿಲಿಕ್ ಕಾಲಮ್‌ನಲ್ಲಿ (ನೀರಿಗೆ ಒಲಿಯೋ ವಸ್ತುಗಳನ್ನ ಬೇರ್ಪಡಿಸೋ ಕೊಳವೆ) ಟ್ರೆಹಲೋಸ್, ಗ್ಲುಟಮಿನ್ ಎಲ್ಲಾ ಸೂಜಿ ಮೊನೆ ಥರ ಬರ್ತಿದ್ವು, ಅದೇ ರನ್‌ನಲ್ಲಿ ಸಿಟ್ರೇಟ್ ನಿಮಿಷಗಟ್ಟಲೆ ಬಾಲ ಎಳೀತಿತ್ತು, ಎಟಿಪಿನೂ ಅಷ್ಟೇ. ಕಾಲಮ್ ಸತ್ತಿದ್ರೆ ಎಲ್ಲಾ ಪೀಕೂ ಕೆಡಬೇಕಿತ್ತಲ್ವಾ? ಸ್ಟ್ಯಾಂಡರ್ಡ್ ಜಾಸ್ತಿ ಹಾಕಿದ್ರೆ ಆಕಾರ ಸುಧಾರಿಸುತ್ತೆ, ಕಮ್ಮಿ ಹಾಕಿದ್ರೆ ಪೀಕೇ ಇಲ್ಲ, ಆಮೇಲೆ ಓಡಿಸಿದ ಬ್ಲ್ಯಾಂಕಲ್ಲಿ (ಸ್ಯಾಂಪಲ್ ಇಲ್ಲದ ರನ್) ಸಿಟ್ರೇಟ್ ಹಾಜರ್. ಅಲ್ಲಿಗೆ ಗೊತ್ತಾಯ್ತು, ಇದು ಸ್ಟೀಲಿಂದೇ ಕೆಲಸ. ಮೂರು ಕಾರ್ಬಾಕ್ಸಿಲ್ ಇರೋ ಸಿಟ್ರೇಟ್, ಮೂರು ಫಾಸ್ಫೇಟ್ ಇರೋ ಎಟಿಪಿ ಎರಡೂ ಕಾಲಮ್ ಗೋಡೆ, ತುದಿಯ ಜರಡಿ ಥರದ ಫ್ರಿಟ್‌ನಲ್ಲಿರೋ ಕಬ್ಬಿಣಕ್ಕೆ ಅಂಟ್ಕೊಂಡು ನಿಧಾನಕ್ಕೆ ಬಿಡ್ತವೆ.

ಒಳಗೆ ಪ್ಲಾಸ್ಟಿಕ್ ಲೈನಿಂಗ್ ಇರೋ ಕಾಲಮ್ ಕೇಳಿದ್ರೆ ಸಪ್ಲೈಯರ್ ಡಾಲರ್ ಲೆಕ್ಕದ ಕೊಟೇಶನ್ ಕಳಿಸಿ ಕಸ್ಟಮ್ಸ್ ಬೇರೆ ಅಂದ, ಬರೋದು ಯಾವಾಗ ಅಂದ್ರೆ "ಶಿಪ್‌ಮೆಂಟ್‌ನಲ್ಲಿದೆ ಸರ್" ಅಂತೆ, ಇನ್ನೂ ಆರ್ಡರೇ ಕೊಟ್ಟಿಲ್ಲ ಮಾರಾಯ್ರೇ! ಲೋಹ ಹಿಡಿದಿಡೋ ಇಡಿಟಿಎ ಹಾಕೋಣ ಅಂದ್ರೆ ಅದು ಸಿಗ್ನಲ್ ನುಂಗುತ್ತೆ. ಕೊನೆಗೆ ಕೈ ಹಿಡಿದಿದ್ದು ಮೆಡ್ರೋನಿಕ್ ಆಸಿಡ್. ಟೆಕ್ನೀಷಿಯಂ ಜೊತೆ ಸೇರಿಸಿ ಬೋನ್ ಸ್ಕ್ಯಾನ್‌ಗೆ ಕೊಡ್ತಾರಲ್ಲ, ಅದೇ. ಅಲ್ಲಿ ಮೂಳೆಗೆ ಅಂಟೋ ಅದರ ಎರಡು ಫಾಸ್ಫೋನೇಟ್ ಗುಂಪು ಇಲ್ಲಿ ಸಿಟ್ರೇಟ್‌ಗಿಂತ ಮೊದಲೇ ಕಬ್ಬಿಣದ ಮೇಲೆ ಹೋಗಿ ಕೂರ್ತವೆ. ಎರಡೂ ಮೊಬೈಲ್ ಫೇಸ್‌ಗೆ (ಕಾಲಮ್‌ನಲ್ಲಿ ಹರಿಸೋ ದ್ರಾವಣ) 5 ಮೈಕ್ರೋಮೋಲಾರ್ ಹಾಕಿ ರಾತ್ರಿಯಿಡೀ ಹರಿಸಿ ಬೆಳಿಗ್ಗೆ ನೋಡಿದ್ರೆ ಬಾಲ ಮಾಯ, ಎಟಿಪಿನೂ ಸಪೂರ ಆಗಿದೆ, ಅಷ್ಟೇ ಅಲ್ಲ, ಬಾಲದಡಿ ಮುಚ್ಚಿಹೋಗಿದ್ದ ಐಸೋಸಿಟ್ರೇಟ್ ಪಕ್ಕದಲ್ಲೇ ಪುಟ್ಟದಾಗಿ ಎದ್ದಿದೆ! ಎರಡರ ತೂಕನೂ ಒಂದೇ ಆಗಿರೋದ್ರಿಂದ ಹೀಗೆ ಬೇರೆ ಬೇರೆ ಹೊತ್ತಿಗೆ ಇಳಿಯದೆ ಯಾವ ಲೆಕ್ಕನೂ ನಂಬೋ ಹಾಗಿರಲಿಲ್ಲ. ನೆಗೆಟಿವ್ ಮೋಡಲ್ಲಿ 174.9567 ಸದಾ ಕಾಣುತ್ತೆ, ಗಾಬರಿ ಬೇಡ, ಅದು ಮೆಡ್ರೋನಿಕ್ಕೇ.

ಈಗ ಹುಳಕ್ಕೆ ಕಾರ್ಬನ್-13 ಗ್ಲೂಕೋಸ್ ಕೊಟ್ಟು ಎರಡು ಭಾರದ ಕಾರ್ಬನ್ ಸೇರಿ ಸಿಟ್ರೇಟ್ 193.0264ಕ್ಕೆ ಏರೋದನ್ನ ಹಿಡೀಬೇಕು. ಅದಕ್ಕಿಂತ ಜಾಸ್ತಿ ಮನಸ್ಸು ಎಳೀತಿರೋದು ಹಿಪ್ಪುನೇರಳೆ ಎಲೆಯ ಡಿಎನ್‌ಜೆ (ಡಿಯಾಕ್ಸಿನೊಜಿರಿಮೈಸಿನ್), ಪಾಸಿಟಿವ್‌ನಲ್ಲಿ 164.0917. ಸಕ್ಕರೆ ಒಡೆಯೋ ಎಂಜೈಮ್‌ನೇ ತಡೆಯೋ ಈ ವಸ್ತುವನ್ನ ಹುಳ ದಿನವಿಡೀ ತಿಂದೂ ಆರಾಮಾಗಿರುತ್ತೆ, ಎಂಥಾ ಹೊಟ್ಟೆ ಅದು! ವಿ1, ಎಂ5 ಎರಡೂ ತಳಿ ಎಲೆ ಬೇಕು, ರಾಮನಗರದ ಕಡೆ ಯಾರ ತೋಟದಲ್ಲಾದ್ರೂ ಔಷಧಿ ಹೊಡೆಯದ ಎಲೆ ಸಿಗೋದಾದ್ರೆ ಹೇಳಿ.