ಫೈಲ್‌ಗಳಿಗೊಂದು ಬೇರೆ ದಾರಿ

ಹಳೇ ಹಾರ್ಡ್ ಡಿಸ್ಕ್‌ಗಳಲ್ಲಿ ಚದುರಿಹೋಗಿದ್ದ ಫೋಟೊ, ವಿಡಿಯೊಗಳನ್ನೆಲ್ಲ ಒಂದೇ ಕಡೆ ಸೇರಿಸೋಣ ಅಂತ ಮನೆಗೆ ನಾಸ್ ತಂದಿದ್ದೆ. ಎರಡು ಡಿಸ್ಕ್ ಹಿಡಿಸುವ, ಮನೆಯ ನೆಟ್‌ವರ್ಕ್‌ಗೆ ಸೇರಿಸಿ ಎಲ್ಲರೂ ಫೈಲ್ ಇಡಬಹುದಾದ ಪುಟ್ಟ ಪೆಟ್ಟಿಗೆ. ರೂಟರ್ ಪಕ್ಕದಲ್ಲಿಟ್ಟು ಕೇಬಲ್ ಚುಚ್ಚಿದೆ. ರಜೆ ಹಾಕಿದ್ದ ಒಂದು ದಿನ ಬೆಳಗ್ಗೆಯೇ ಲ್ಯಾಪ್‌ಟಾಪ್‌ನಿಂದ ಅದಕ್ಕೆ ಕಾಪಿ ಶುರು ಮಾಡಿದೆ.

ಸ್ವಲ್ಪ ಹೊತ್ತಿಗೇ ಪಕ್ಕದ ಕೋಣೆಯಿಂದ ಅಕ್ಕ ಎದ್ದು ಬಂದಳು. "ಏನೋ ಮಾಡ್ತಿದ್ದೀಯ? ಮೀಟಿಂಗ್‌ನಲ್ಲಿ ನನ್ನ ಮಾತು ಯಾರಿಗೂ ಕೇಳಿಸ್ತಿಲ್ಲ!" ಕಾಪಿ ನಿಲ್ಲಿಸಿದೆ. ಮೀಟಿಂಗ್ ಸರಿಹೋಯಿತು.

ಮನೇಲಿ ನೆಟ್ ಸ್ಲೋ ಅಂದ ಕೂಡಲೇ ದೊಡ್ಡ ಪ್ಲಾನ್ ಹಾಕಿಸು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಫೈಲ್‌ಗಳು ಮನೆ ಬಿಟ್ಟು ಹೊರಗೆ ಹೋಗುತ್ತಲೇ ಇರಲಿಲ್ಲ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಿದ್ದವು, ಅಷ್ಟೇ. ಇದಕ್ಕೂ ಪ್ಲಾನ್‌ಗೂ ಸಂಬಂಧವೇ ಇಲ್ಲ. ಫೈಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ಮೊದಲು ನೋಡಬೇಕು.

ಅಕ್ಕನ ಮೀಟಿಂಗ್ ಮುಗಿದ ಮೇಲೆ ಮತ್ತೆ ಕಾಪಿ ಹಾಕಿ, ಅವಳ ಲ್ಯಾಪ್‌ಟಾಪ್‌ನಿಂದ ಪಿಂಗ್ ಕೊಟ್ಟೆ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ಅಳೆದೆ. ಹೊರಗಿನ ಯಾವುದೋ ಸೈಟ್‌ಗಲ್ಲ, ನಮ್ಮ ರೂಟರ್‌ಗೇ. ಕಾಪಿ ಇಲ್ಲದಾಗ 3 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬರುತ್ತಿದ್ದ ಉತ್ತರ, ಕಾಪಿ ಶುರುವಾದ ತಕ್ಷಣ 200 ದಾಟಿತು. ನಡುನಡುವೆ ಉತ್ತರವೇ ಇಲ್ಲ. ಅಂದರೆ ತೊಂದರೆ ರೂಟರ್ ತಲುಪುವ ಮೊದಲೇ, ಮನೆಯೊಳಗಿನ ವೈಫೈನಲ್ಲೇ ಇತ್ತು.

ಒಂದು ಚಾನೆಲ್‌ನಲ್ಲಿ ಒಂದು ಸಾಧನ ಮಾತಾಡುವಾಗ ಉಳಿದವು ಸುಮ್ಮನಿದ್ದು ತಮ್ಮ ಸರದಿ ಕಾಯಬೇಕು. ವೈಫೈ ನಡೆಯುವುದೇ ಹಾಗೆ. ದೊಡ್ಡ ಕಾಪಿ ಬಿಡುವೇ ಕೊಡದೆ ಸರದಿ ಕೇಳುತ್ತಿರುತ್ತದೆ. ವಿಡಿಯೊ ಕಾಲ್‌ಗೆ ಬೇಕಾಗುವುದು ಸ್ವಲ್ಪವೇ, ಆದರೆ ಅದು ತಡವಾಗಿ ಸಿಕ್ಕರೆ ಪ್ರಯೋಜನವಿಲ್ಲ. ನಾಸ್ ಕೂಡ ವೈಫೈನಲ್ಲಿದ್ದಿದ್ದರೆ ಇನ್ನೂ ಕಷ್ಟ. ಪ್ರತಿ ಫೈಲೂ ಗಾಳಿಯಲ್ಲಿ ಎರಡು ಸಲ ಹೋಗಬೇಕಾಗುತ್ತಿತ್ತು, ರೂಟರ್‌ಗೆ ಒಮ್ಮೆ, ಅಲ್ಲಿಂದ ನಾಸ್‌ಗೆ ಇನ್ನೊಮ್ಮೆ.

ಲ್ಯಾಪ್‌ಟಾಪ್‌ಗೂ ಕೇಬಲ್ ಹಾಕಿದೆ. ಪಿಂಗ್ ಅಲ್ಲಾಡಲಿಲ್ಲ. ಆದರೆ ಕಾಪಿ ವೇಗ ಸೆಕೆಂಡಿಗೆ 11 ಎಂಬಿಗೆ ಬಂದು ನಿಂತುಬಿಟ್ಟಿತು. ಈ 11 ಅನ್ನುವ ಸಂಖ್ಯೆ ನೋಡಿದರೆ ಸಾಕು, ನಡುವೆ ಎಲ್ಲೋ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್‌ಗೆ ಒಂದು ಬೈಟ್) ಲಿಂಕ್ ಇದೆ ಅಂತ ಗೊತ್ತಾಗುತ್ತದೆ. ನಮ್ಮ ರೂಟರ್‌ನ ಪೋರ್ಟ್‌ಗಳೇ 100ರವು. ಐದು ಪೋರ್ಟ್‌ನ ಒಂದು ಸಾದಾ ಗಿಗಾಬಿಟ್ ಸ್ವಿಚ್ (ಹಲವು ಕೇಬಲ್‌ಗಳನ್ನು ಸೇರಿಸುವ, 1000 ಎಂಬಿಪಿಎಸ್‌ನ ಪೆಟ್ಟಿಗೆ) ತಂದು, ನಾಸ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೇ ಸೇರಿಸಿದೆ. ಅಲ್ಲಿಂದ ರೂಟರ್‌ಗೆ ಒಂದೇ ಕೇಬಲ್.

ಆದರೂ ವೇಗ 11ರಲ್ಲೇ! ಸ್ವಿಚ್‌ನಲ್ಲಿ ಲ್ಯಾಪ್‌ಟಾಪ್‌ನ ದೀಪ ಹಸಿರು, ನಾಸ್‌ನದು ಮಾತ್ರ ಕಿತ್ತಳೆ. ಈ ಸ್ವಿಚ್‌ನಲ್ಲಿ ಹಸಿರು ಅಂದರೆ ಗಿಗಾಬಿಟ್, ಕಿತ್ತಳೆ ಅಂದರೆ 100. ಆ ಕೇಬಲ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಪಾರದರ್ಶಕ ಪ್ಲಗ್‌ನೊಳಗೆ ಎಂಟು ತಂತಿಗಳಲ್ಲಿ ಕಂದು ಬಣ್ಣದ್ದೊಂದು ಕೊನೆಯವರೆಗೆ ಹೋಗಿರಲಿಲ್ಲ, ಪಿನ್ ತಲುಪುವ ಮೊದಲೇ ನಿಂತಿತ್ತು. 100 ಎಂಬಿಪಿಎಸ್‌ಗೆ ಕಿತ್ತಳೆ ಮತ್ತು ಹಸಿರು, ಎರಡೇ ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಅದಕ್ಕೇ ಆ ಕೇಬಲ್ ಯಾರಿಗೂ ಅನುಮಾನ ಬರದಂತೆ ನಿಧಾನವಾಗಿ ಕೆಲಸ ಮಾಡಿಕೊಂಡಿತ್ತು. ಗಿಗಾಬಿಟ್‌ಗೆ ಸಾಕಾಗುವ ಕ್ಯಾಟ್ 5ಇ ದರ್ಜೆಯ ಬೇರೆ ಕೇಬಲ್ ಹಾಕಿದ ಕೂಡಲೇ ದೀಪ ಹಸಿರಾಯಿತು, ವೇಗ 110 ಎಂಬಿ ಮುಟ್ಟಿತು. ಅಕ್ಕನ ಸಂಜೆಯ ಕಾಲ್ ನಡೆಯುವಾಗಲೂ ಕಾಪಿ ಓಡುತ್ತಲೇ ಇತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಸ್ವಿಚ್‌ನ ಗುಣವೇ ಅದು. ಯಾವ ಪೋರ್ಟ್‌ನಲ್ಲಿ ಯಾವ ಯಂತ್ರವಿದೆ ಅಂತ ನೆನಪಿಟ್ಟುಕೊಂಡು, ಆ ಎರಡರ ನಡುವಿನ ಮಾತನ್ನು ಅಲ್ಲಲ್ಲೇ ಮುಗಿಸುತ್ತದೆ. ರೂಟರ್‌ವರೆಗೆ ಹೋಗಲು ಬಿಡುವುದಿಲ್ಲ. ನಾಸ್‌ಗೆ ಬೇರೆ ವಿಲ್ಯಾನ್ (ಅದೇ ತಂತಿಗಳ ಮೇಲೆ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್) ಮಾಡು ಅಂತ ಗೆಳೆಯನೊಬ್ಬ ಹೇಳಿದ್ದ. ಭದ್ರತೆಗೆ ಅದು ಒಳ್ಳೆಯದೇ. ಆದರೆ ವಿಲ್ಯಾನ್‌ನಿಂದ ತಂತಿಯ ವೇಗವೇನೂ ಜಾಸ್ತಿ ಆಗುವುದಿಲ್ಲ. ಲ್ಯಾಪ್‌ಟಾಪ್ ಒಂದು ವಿಲ್ಯಾನ್‌ನಲ್ಲಿ, ನಾಸ್ ಇನ್ನೊಂದರಲ್ಲಿ ಇದ್ದರೆ ಪ್ರತಿ ಫೈಲೂ ರೂಟರ್ ಮೂಲಕವೇ ದಾಟಬೇಕು. ನಮ್ಮಂಥ ಸಣ್ಣ ರೂಟರ್‌ಗೆ ಅದು ದಂಡನೆ.

ರಾತ್ರಿ ಇನ್ನೊಂದು ಸಮಸ್ಯೆ ಎದುರಾಯಿತು. ನಾಸ್ ತನ್ನ ಬ್ಯಾಕಪ್ಪನ್ನು ಕ್ಲೌಡ್‌ಗೆ ಕಳಿಸತೊಡಗಿದಾಗ ಎಲ್ಲರ ಫೋನೂ ತೆವಳತೊಡಗಿತು. ಈ ಸಲ ರೂಟರ್‌ನ ಪಿಂಗ್ ಚೆನ್ನಾಗಿತ್ತು, ಹೊರಗಿನದು ಕೆಟ್ಟಿತ್ತು. ಅಪ್‌ಲೋಡ್ ತುಂಬಿಹೋದರೆ, ಡೌನ್‌ಲೋಡ್ ಮುಂದುವರಿಯಲು ನಾವು ಕಳಿಸುವ ಪುಟ್ಟ 'ತಲುಪಿತು' ಸಂದೇಶಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹೀಗೆ ಸಾಲು ಬೆಳೆಯುವುದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಬ್ಯಾಕಪ್ ಆ್ಯಪ್‌ನಲ್ಲೇ ಅಪ್‌ಲೋಡ್‌ಗೆ ಮಿತಿ ಹಾಕಿದೆ, ನಮಗೆ ಸಿಗುವುದರ ಮುಕ್ಕಾಲು ಭಾಗಕ್ಕೆ. ಜೊತೆಗೆ ಎಲ್ಲರೂ ಮಲಗಿದ ಮೇಲೆ ಶುರುವಾಗುವಂತೆ ಸಮಯ ಇಟ್ಟೆ. ಎಸ್‌ಕ್ಯೂಎಂ ಅನ್ನುವ ಸಾಲು ನಿರ್ವಹಣೆಯ ಸೌಲಭ್ಯ ಇರುವ ರೂಟರ್‌ಗಳಲ್ಲಿ, ಉದಾಹರಣೆಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಹಾಕಿದವುಗಳಲ್ಲಿ, ಈ ಸಾಲನ್ನು ರೂಟರೇ ಅಂಕೆಯಲ್ಲಿಡುತ್ತದೆ. ಮುಂದಿನ ರೂಟರ್ ಕೊಳ್ಳುವಾಗ ನಾನು ಮೊದಲು ನೋಡುವುದು ಅದನ್ನೇ.

ನಾಸ್‌ನಲ್ಲಿ ಎರಡನೇ ಲ್ಯಾನ್ ಪೋರ್ಟ್ ಖಾಲಿ ಇದೆ. ವಿಡಿಯೊ ಎಡಿಟಿಂಗ್ ಕಂಪ್ಯೂಟರ್ ಬಂದ ಮೇಲೆ ಅಲ್ಲಿಂದ ನೇರವಾಗಿ ಒಂದು ಕೇಬಲ್ ಎಳೆಯಬೇಕು. ಎರಡೂ ತುದಿಗೆ ಮನೆಯ ನೆಟ್‌ವರ್ಕ್‌ನದ್ದಲ್ಲದ ಬೇರೆಯದೇ ಸಬ್‌ನೆಟ್‌ನ (ವಿಳಾಸಗಳ ಗುಂಪಿನ) ವಿಳಾಸ ಕೊಟ್ಟು, ಗೇಟ್‌ವೇ (ಹೊರಗೆ ಹೋಗುವ ದಾರಿಯ ವಿಳಾಸ) ಜಾಗ ಖಾಲಿ ಬಿಡಬೇಕು. ಆಗ ಆ ತಂತಿಯಲ್ಲಿ ಫೈಲ್‌ಗಳು ಮಾತ್ರ ಹೋಗುತ್ತವೆ, ಇಂಟರ್‌ನೆಟ್ ಹಳೇ ದಾರಿಯಲ್ಲೇ.